ಹಗೇವಿಗೆ ಇಳಿದ ಕಿತಾಬುಗಳು

ಆಗ ನನಗೆ ಹತ್ತು ತುಂಬಿ ಹನ್ನೊಂದು ನಡೆಯುತ್ತಿತ್ತು. ಎಪ್ಪತ್ತೈದು ವರ್ಷದ ಹಿಂದಿನ ಮಾತು. ನಿಜಾಮರ ಆಳ್ವಿಕೆ ಹೋಗಿ ಒಂದು ವರ್ಷವಾಗಿತ್ತು. ಕಚೇರಿಯ ಹಲಗೆಯ ಮೇಲಿನ ಉರ್ದು ಅಳಿಸಿ ಬೇರೆ ಅಕ್ಷರ ಬರೆದಿದ್ದಾರೆ ಎಂದು ಜನ ಹೇಳುತ್ತಿದ್ದರು. ನನಗೆ ಅದೂ ಓದಲು ಬರುತ್ತಿರಲಿಲ್ಲ, ಇದೂ ಬರುತ್ತಿರಲಿಲ್ಲ, ನನ್ನ ಪಾಲಿಗೆ ಹಲಗೆ ಹಲಗೆಯಾಗಿಯೇ ಇತ್ತು. ನಮ್ಮ ಮನೆ ಶಹಾಪುರದ ಹೊರಗಿನ ಓಣಿಯಲ್ಲಿತ್ತು. ಮಣ್ಣಿನ ಮಾಳಿಗೆ, ಎರಡು ಮೊಳ ದಪ್ಪದ ಗೋಡೆ. ಬಾಗಿಲು ದಾಟಿದರೆ ಮೊದಲು ಎತ್ತು ಕಟ್ಟುವ ಜಾಗ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡಿಗೆಮನೆ. ಅಡಿಗೆಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಹೊಗೆ ಅದರಿಂದಲೇ ಹೊರಗೆ ಹೋಗಬೇಕು, ಬೆಳಕು ಅದರಿಂದಲೇ ಒಳಗೆ ಬರಬೇಕು; ಎರಡೂ ಜಗಳವಾಡಿ ಅರ್ಧರ್ಧ ಕೆಲಸ ಮಾಡುತ್ತಿದ್ದವು. ಮುಂದಿನ ಅಂಗಳದಲ್ಲಿ ಹಗೇವು ಇತ್ತು. ಈಗಿನವರಿಗೆ ಹಗೇವು ಗೊತ್ತಿಲ್ಲ. ನೆಲದೊಳಗೆ ಎರಡಾಳು ಆಳಕ್ಕೆ ತೋಡಿದ ಕಾಳಿನ ಗುಂಡಿ. ಹೊಟ್ಟೆ ದೊಡ್ಡದು, ಬಾಯಿ ಮಾತ್ರ ಒಬ್ಬ ಮನುಷ್ಯ ಇಳಿಯುವಷ್ಟು. ಸುಗ್ಗಿಯ ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ, ಮೇಲೆ ಸಗಣಿ ಸಾರಿಸಿದರೆ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ.

ಮನೆಯಲ್ಲಿ ನಾಲ್ಕು ಜನ. ಆಯಿ, ಅಂದರೆ ನನ್ನ ಅಪ್ಪನ ತಾಯಿ. ಅವ್ವ. ಕಾಕಾ, ಅಂದರೆ ಅಪ್ಪನ ತಮ್ಮ ದೇವಿಂದ್ರಪ್ಪ. ಮತ್ತೆ ನಾನು, ನಾಗಿ. ಅಪ್ಪ ನಾನು ತೊಟ್ಟಿಲಲ್ಲಿದ್ದಾಗಲೇ ಸತ್ತಿದ್ದ. ಅವನ ಮುಖ ನನಗೆ ನೆನಪಿಲ್ಲ, ಅದಕ್ಕಾಗಿ ನಾನು ಅತ್ತದ್ದೂ ಇಲ್ಲ. ಕಾಕಾ ಮದುವೆಯಾಗಿರಲಿಲ್ಲ. ಇದ್ದ ಒಂದು ತುಂಡು ಕರಿಹೊಲವನ್ನು ಹರಗುವವನು, ಬಿತ್ತುವವನು, ಎತ್ತಿಗೆ ಮೇವು ತರುವವನು ಅವನೊಬ್ಬನೇ. ಅವನು ಮನೆಯಲ್ಲಿದ್ದರೆ ಮನೆಗೆ ಜೋಳ ಇತ್ತು. ಅವನಿಲ್ಲದ ಎರಡು ವರ್ಷ ನಾವು ಹೇಗಿದ್ದೆವು ಎಂದು ಅವ್ವ ಯಾವತ್ತೂ ಹೇಳಲಿಲ್ಲ, ನಾನೂ ಬರೆಯುವುದಿಲ್ಲ.

ಆ ಎರಡು ವರ್ಷ ಕಾಕಾ ಯಾದಗಿರಿಯ ಟಾಕೀಸಿನಲ್ಲಿ ರೀಲು ಸುತ್ತುವ ಕೆಲಸಕ್ಕಿದ್ದ. ಏಳು ಜಮಾತು, ಅಂದರೆ ಏಳನೆಯ ತರಗತಿಯವರೆಗೆ, ಉರ್ದು ಓದಿದ್ದ, ನೋಡಲು ಎತ್ತರ, ಮೂಗು ಚೂಪು. ಟಾಕೀಸಿಗೆ ಬಂದವರು ಯಾರೋ ನೀನೇ ಪರದೆ ಮೇಲೆ ಇರಬೇಕಾದವನು ಎಂದು ಹೇಳಿಬಿಟ್ಟಿದ್ದರು. ಅಲ್ಲಿಗೆ ತಲೆ ಕೆಟ್ಟಿತು. ಆ ದಿನಗಳಲ್ಲಿ ಒಂದು ನಾಟಕ ಕಂಪನಿ ಊಟಕ್ಕಿಲ್ಲದೆ ಯಾದಗಿರಿಯಲ್ಲೇ ನಿಂತುಹೋಗಿತ್ತು. ಅದರಲ್ಲೊಬ್ಬ ಮುದುಕ ಉಸ್ತಾದ. ಹಿಂದೆ ಸಿನಿಮಾದಲ್ಲೂ ಮಾಡಿದವನಂತೆ. ಕಾಕಾ ಅವನಿಗೆ ದಿನಾ ಚಹಾ ತಂದುಕೊಟ್ಟು, ಕಾಲು ಒತ್ತಿ, ನಟನೆ ಕಲಿಸು ಎಂದು ಗಂಟುಬಿದ್ದ. ಉಸ್ತಾದ ಕಲಿಸಲಿಲ್ಲ, ಬದಲಿಗೆ ಒಂದು ಪಟ್ಟಿ ಬರೆದುಕೊಟ್ಟ. ಸಿನಿಮಾ ನಟನೆ ಕಲಿಯುವವನು ಓದಲೇಬೇಕಾದ ಹನ್ನೊಂದು ಕಿತಾಬು. ಮೊದಲನೆಯ ಆರು, ನಟನೆ ಹೇಗೆ ಬೆಳೆದು ಬಂತು ಎನ್ನುವುದರ ಚರಿತ್ರೆ. ಆಮೇಲಿನ ಐದು, ನಟನೆ ಎಂದರೇನು ಎಂಬ ವಿಚಾರ. ಒಂದೊಂದರ ಮುಂದೆ ಬರೆದವನ ಹೆಸರು, ಅದು ಸಿಗುವ ಊರು. ಹಿಂದೆ ಏನಾಗಿದೆ ಎಂದು ತಿಳಿಯದೆ ಕನ್ನಡಿ ಮುಂದೆ ನಿಲ್ಲಬೇಡ, ಕ್ರಮವಾಗಿ ಓದು ಎಂದು ಹೇಳಿದ್ದನಂತೆ. ಕಾಕಾ ಹನ್ನೊಂದರಲ್ಲಿ ನಾಲ್ಕನ್ನು ಹೇಗೋ ಸಂಪಾದಿಸಿ ಪಟ್ಟಿಯಲ್ಲಿ ಅವಕ್ಕೆ ಗುರುತು ಹಾಕಿಕೊಂಡಿದ್ದ. ಅಷ್ಟರಲ್ಲಿ ನಿಜಾಮರ ಆಳ್ವಿಕೆ ಹೋಗುವ ಗಲಾಟೆಯ ವರ್ಷ ಬಂತು, ಟಾಕೀಸು ಬಾಗಿಲು ಹಾಕಿತು, ಕಾಕಾ ತಗಡಿನ ಸಂದೂಕ ಹೊತ್ತುಕೊಂಡು ಮನೆಗೆ ಬಂದ. ಪಟ್ಟಿಯನ್ನು ಅಂಬಲಿ ಹಚ್ಚಿ ಸಂದೂಕದ ಮುಚ್ಚಳದ ಒಳಬದಿಗೆ ಅಂಟಿಸಿದ್ದ. ಅವ್ವ ಸಂದೂಕದೊಳಗೆ ಬಟ್ಟೆ ಇರಬಹುದು ಎಂದುಕೊಂಡಿದ್ದಳು. ತೆರೆದು ನೋಡಿ ಒಲೆಯ ಮುಂದೆ ಹೋಗಿ ಕೂತಳು.

ಸಂಜೆ ಅವ್ವ ರೊಟ್ಟಿ ಬಡಿಯುವ ಹೊತ್ತಿಗೆ ಕಾಕಾ ಒಲೆಯ ಬೆಳಕಿಗೆ ಕಿತಾಬು ಹಿಡಿದು ಓದುತ್ತಿದ್ದ. ಉರ್ದುವಿನಲ್ಲಿ ಒಂದು ಸಾಲು ಓದುವುದು, ನಮ್ಮ ಮಾತಿನಲ್ಲಿ ಹೇಳುವುದು. ಮೊದಲು ಸಿನಿಮಾಕ್ಕೆ ಮಾತೇ ಇರಲಿಲ್ಲವಂತೆ. ನಾಟಕದವರು ಬಂದು ನಾಟಕದಲ್ಲಿ ಮಾಡಿದ ಹಾಗೆಯೇ ಮಾಡುತ್ತಿದ್ದರು, ಸಿಟ್ಟು ಬಂದರೆ ಕಣ್ಣು ಗರಗರ ತಿರುಗಿಸಬೇಕು, ದುಃಖವಾದರೆ ಎರಡೂ ಕೈ ಮುಗಿಲಿಗೆ ಎತ್ತಬೇಕು. ಆಮೇಲೆ ಕ್ಯಾಮೆರಾ ಮುಖದ ಹತ್ತಿರ ಬಂತು. ಬಂದ ಮೇಲೆ ಅಷ್ಟೆಲ್ಲ ಬೇಡವಾಯಿತು. ರೆಪ್ಪೆ ಅಲ್ಲಾಡಿದರೆ ಸಾವಿರ ಮಂದಿಗೆ ಕಾಣುತ್ತಿತ್ತು. ಆಮೇಲೆ ಮಾತು ಬಂತು, ಮುಖ ಚೆನ್ನಾಗಿದ್ದು ದನಿ ಕಾಗೆಯದಾಗಿದ್ದವರು ಮನೆಗೆ ಹೋದರು. ಇದನ್ನೆಲ್ಲ ಕೇಳುತ್ತ ನಾನು ಒಲೆಗೆ ಕಟ್ಟಿಗೆ ಮುಂದಕ್ಕೆ ತಳ್ಳುತ್ತಿದ್ದೆ. ನನಗೆ ಅಕ್ಷರ ಇರಲಿಲ್ಲ, ಕಿವಿ ಇತ್ತು. ಒಮ್ಮೆ ಕೇಳಿದ್ದು ಹೋಗುತ್ತಿರಲಿಲ್ಲ.

ಆಯಿಗೆ ಮಾತ್ರ ಈ ಓದು ಕಂಡರೆ ಮೈ ಉರಿ. ಅದಕ್ಕೆ ಕಾರಣವೂ ಇತ್ತು. ನಮ್ಮ ಕಡೆ ಸಾವಾದ ಮನೆಯಲ್ಲಿ ಸುಮ್ಮನೆ ಅಳುವುದಿಲ್ಲ, ಸತ್ತವರ ಗುಣ ಹೇಳಿ ಹಾಡಿಕೊಂಡು ಅಳುತ್ತಾರೆ. ಆ ಕೆಲಸದಲ್ಲಿ ಆಯಿಯನ್ನು ಮೀರಿಸಿದವರು ಇರಲಿಲ್ಲ. ಶಿರವಾಳದಿಂದಲೂ ಬಂಡಿ ಕಟ್ಟಿಕೊಂಡು ಬಂದು ಕರೆದುಕೊಂಡು ಹೋಗುತ್ತಿದ್ದರು. ಹೋದವಳೇ ಮೊದಲು ಬಾಗಿಲಲ್ಲಿ ಒಬ್ಬರನ್ನು ಹಿಡಿದು, ಸತ್ತವನ ಹೆಂಡತಿ ಹೆಸರೇನು, ಮಕ್ಕಳೆಷ್ಟು, ಯಾವ ಊಟ ಇಷ್ಟ ಎಂದು ಕೇಳಿ ತಿಳಿದುಕೊಳ್ಳುವಳು. ಆಮೇಲೆ ಕೂದಲು ಬಿಚ್ಚಿ ಹೆಣದ ಹತ್ತಿರ ಕೂತರೆ ಕಲ್ಲಿನಂಥವರೂ ಕಣ್ಣೊರೆಸಿಕೊಳ್ಳಬೇಕು. ಇಂಥವಳ ಮುಂದೆ ಕಾಕಾ ಅಳುವುದು ಹೇಗೆ ಎಂಬ ಅಧ್ಯಾಯ ತೆಗೆದ.

“ಏ ದೇವಿಂದ್ರ, ಅಳೋದು ಕಲ್ಯಾಕ ಕಿತಾಬು ಬೇಕೇನೋ? ಹುಟ್ಟಿದ ಕೂಸು ಎಷ್ಟ್ ಜಮಾತು ಕಲ್ತು ಅಳತದ?”

“ಕೂಸು ಅಳತದ ಯವ್ವಾ, ಖರೇ. ಆದ್ರ ಮುಂಜಾನಿ ಹತ್ತಕ್ಕ ಅಳು ಅಂದ್ರ ಅಳತದೇನು? ಅದೇ ಅಳು ಏಳ್ ಸಲ ಅಳು ಅಂದ್ರ?”

“ನಾ ಅಳತೀನಿ.”

ಕಾಕಾ ಕಿತಾಬು ಕೆಳಗಿಟ್ಟ. ಹೇಗೆ ಅಳುತ್ತೀ ಎಂದು ಕೇಳಿದ. ಆಯಿ ಬಾಯಲ್ಲಿದ್ದ ಎಲೆಯಡಿಕೆ ಒಂದು ಬದಿಗೆ ಸರಿಸಿಕೊಂಡಳು.

“ನಿಮ್ಮಣ್ಣ ಸತ್ತಾಗ ನನ್ನ ಬಾಯಾಗ ಒಂದ್ ಹಾಡು ಬರಲಿಲ್ಲೋ. ಮಂದಿ ಸತ್ರ ಚಂದ ಹಾಡತೀನಿ. ದುಃಖ ಇದ್ರ ಮನ್ಯಾಗ ಮುಗಿಸಿ ಹೋಗಬೇಕು. ಅಲ್ಲಿ ಹೋಗಿ ಕೆಲಸ ಮಾಡಬೇಕು. ನಾ ಅತ್ರ ನಾ ಒಬ್ಬಾಕಿ ಅತ್ತಂಗ. ನಾ ಅಳದಿದ್ರ ಅವರೆಲ್ಲಾ ಅಳತಾರ.”

ಕಾಕಾ ಕಿತಾಬು ಮತ್ತೆ ಎತ್ತಿಕೊಂಡ. ಮೂರನೆಯ ಕಿತಾಬಿನ ಅರ್ಧ ಭಾಗ ಇದೇ ಮಾತನ್ನು ನೂರು ಪುಟದಲ್ಲಿ ಹೇಳಿತ್ತಂತೆ. ಇನ್ನರ್ಧ ಭಾಗದವರು ಇದಕ್ಕೆ ಒಪ್ಪುವುದಿಲ್ಲ. ಒಳಗೆ ಸುಡದಿದ್ದರೆ ಹೊರಗೆ ಹೊಗೆ ಏಳುವುದಿಲ್ಲ, ನಟ ಖರೇನೇ ಅಳಬೇಕು ಎನ್ನುತ್ತಾರೆ ಎಂದು ಓದಿ ಹೇಳಿದ. ಆಯಿ ಅವರಿಗೆ ಕೆಲಸವಿಲ್ಲ ಎಂದಳು. ಜಗಳ ಜೋರಾಯಿತು. ವರ್ಷಕ್ಕೆ ನಾಲ್ಕು ಮಾತಾಡುವ ಅವ್ವ ಕೈಯಲ್ಲಿದ್ದ ರೊಟ್ಟಿ ಹಂಚಿಗೆ ಹಾಕಿ ಹೇಳಿದಳು:

“ಸಿಟ್ಟಿನಾಗ ಬಡದ್ರ ರೊಟ್ಟಿ ಹರೀತದ. ಮನಸಿಲ್ಲದ ಬಡದ್ರ ದಪ್ಪ ಆಗ್ತದ. ಇಬ್ಬರೂ ಸುಮ್ಮನ ಉಣ್ರಿ.”

ನಾಲ್ಕನೆಯ ಕಿತಾಬು ನನಗೆ ಎಲ್ಲಕ್ಕಿಂತ ಇಷ್ಟ, ಯಾಕೆಂದರೆ ಅದರಲ್ಲಿ ಫೋಟೋ ಇದ್ದವು. ಒಂದು ಪುಟದಲ್ಲಿ ಒಬ್ಬನೇ ಮನುಷ್ಯನ ಮುಖ ಮೂರು ಸಲ. ಒಂದರ ಪಕ್ಕ ಊಟದ ಬಟ್ಟಲು, ಒಂದರ ಪಕ್ಕ ಹೆಣದ ಪೆಟ್ಟಿಗೆ, ಒಂದರ ಪಕ್ಕ ಆಡುವ ಮಗು. ಕಾಕಾ ನನ್ನನ್ನು ಕೇಳಿದ, ಇವನು ಏನು ಮಾಡುತ್ತಿದ್ದಾನೆ? ಮೊದಲನೆಯದರಲ್ಲಿ ಹಸಿದಿದ್ದಾನೆ, ಎರಡನೆಯದರಲ್ಲಿ ದುಃಖದಲ್ಲಿದ್ದಾನೆ, ಮೂರನೆಯದರಲ್ಲಿ ಸಂತೋಷದಲ್ಲಿದ್ದಾನೆ ಎಂದೆ. ಕಾಕಾ ಬಟ್ಟಲು, ಪೆಟ್ಟಿಗೆ, ಮಗು ಮೂರನ್ನೂ ಕೈಯಿಂದ ಮುಚ್ಚಿದ. ಮೂರೂ ಅದೇ ಫೋಟೋ. ಮುಖದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ನನಗೆ ಮೋಸವಾದ ಹಾಗಾಗಿ ಸಿಟ್ಟು ಬಂತು. ಆ ಪುಟವನ್ನು ಎಷ್ಟು ಸಲ ತೆಗೆಸಿ ನೋಡಿದೆನೋ ಲೆಕ್ಕವಿಲ್ಲ. ಆಮೇಲಿನ ಇಡೀ ಆಯುಷ್ಯದಲ್ಲಿ ಯಾರದಾದರೂ ಮುಖ ನೋಡಿ ಇವರು ಇಂಥವರು ಅನ್ನಿಸಿದಾಗ, ಪಕ್ಕದಲ್ಲಿ ಏನಿದೆ ಎಂದು ಮೊದಲು ನೋಡುವ ಚಟ ನನಗೆ ಅಲ್ಲಿಂದ ಅಂಟಿತು. ಅದರಿಂದ ನನಗೆ ಲಾಭವೇ ಆಗಿದೆ.

ಮಳೆಗಾಲ ಮುಗಿಯುತ್ತ ಬಂದಿತ್ತು, ಹಿಂಗಾರಿ ಜೋಳ ಬಿತ್ತಲು ಹೊಲ ಹದವಾಗಿತ್ತು. ಒಂದು ಮುಂಜಾನೆ ನೀರಿಗೆ ಹೋದ ಅವ್ವ ಅರ್ಧ ಕೊಡದೊಂದಿಗೆ ಓಡಿಬಂದಳು. ಪಕ್ಕದ ಓಣಿಯಲ್ಲಿ ಪೊಲೀಸರ ತಲಾಶಿ ನಡೆದಿದೆ, ಹೋದ ಸರಕಾರದ ಕಡೆಯವರು ಬಚ್ಚಿಟ್ಟ ಬಂದೂಕು ಹುಡುಕುತ್ತಿದ್ದಾರೆ, ಉರ್ದು ಕಾಗದ ಸಿಕ್ಕರೆ ಮನುಷ್ಯನನ್ನೇ ಒಯ್ಯುತ್ತಿದ್ದಾರೆ ಎಂದು ಬಾವಿಯ ಹತ್ತಿರ ಸುದ್ದಿ. ಹೋದ ಸಲ ಒಯ್ದವರಲ್ಲಿ ಇಬ್ಬರು ಏಳು ತಿಂಗಳಾದರೂ ಬಂದಿರಲಿಲ್ಲ. ಕಾಕಾ ಹೊಲಕ್ಕೆ ಹೋಗಿದ್ದ. ಅವನನ್ನು ಕೇಳುವಷ್ಟು ತಾಳ್ಮೆ ಇಬ್ಬರಿಗೂ ಇರಲಿಲ್ಲ. ಆಯಿ ನಾಲ್ಕೂ ಕಿತಾಬನ್ನು ಗೋಣಿಚೀಲಕ್ಕೆ ತುಂಬಿದಳು. ಅವ್ವ ಹಾರೆ ತಂದು ಹಗೇವಿನ ಮಣ್ಣು ಕಿತ್ತು ಕಲ್ಲು ಸರಿಸಿದಳು. ಚೀಲವನ್ನು ಬಾಯಿಯಿಂದ ಒಳಗೆ ಬಿಟ್ಟರು, ದಪ್ ಎಂದು ಜೋಳದ ಮೇಲೆ ಬಿತ್ತು. ಮತ್ತೆ ಕಲ್ಲು, ಮತ್ತೆ ಮಣ್ಣು. ನನಗೆ ಸಗಣಿ ತರಲು ಹೇಳಿದರು. ನಾನೇ ಸಾರಿಸಿದೆ, ಚೆನ್ನಾಗಿಯೇ ಸಾರಿಸಿದೆ. ಮೂವರೂ ಕೈ ತೊಳೆದುಕೊಂಡು ಗೆದ್ದೆವು ಅಂದುಕೊಂಡೆವು. ಎರಡು ತಪ್ಪು ಮಾಡಿದ್ದೆವು. ಮುಚ್ಚಳದ ಒಳಗೆ ಅಂಟಿಸಿದ್ದ ಪಟ್ಟಿ ಮರೆತಿದ್ದೆವು. ಮತ್ತೆ, ಹಸಿಗಾಳಿ ಹೋದರೆ ಕಾಳು ಮುಗ್ಗುತ್ತದೆ ಎಂದು ಮಳೆಗಾಲದಲ್ಲಿ ನಮ್ಮ ಸೀಮೆಯಲ್ಲಿ ಯಾರೂ ಹಗೇವು ಬಿಚ್ಚುವುದಿಲ್ಲ. ಅಂಗಳದ ನಡುವೆ ಹಸಿ ಸಗಣಿಯ ಗುಂಡನೆಯ ಗುರುತು ಬಿಟ್ಟು, ಇಲ್ಲಿ ನೋಡಿ ಎಂದು ನಾವೇ ಕರೆದ ಹಾಗಾಗಿತ್ತು.

ಬಿಸಿಲು ಏರುವ ಹೊತ್ತಿಗೆ ಬಂದರು. ಒಬ್ಬ ಅಧಿಕಾರಿ, ಒಬ್ಬ ಪೊಲೀಸ. ಅಧಿಕಾರಿ ಹೊಸಬ, ಮುಂಬಯಿ ಸೀಮೆಯಿಂದ ಕಳಿಸಿದವನು, ಸಮುದ್ರದ ಕಡೆಯವನು. ಮಾತು ಪುಸ್ತಕದ ಹಾಗೆ. ಪೊಲೀಸ ಕೆಂಭಾವಿಯವನು, ಹಣಮಂತ ಅಂತ, ಮೊದಲಿನ ಸರಕಾರದಲ್ಲೂ ಇದ್ದವನು, ಹೆಬ್ಬೆಟ್ಟಿನವನು. ಯಾರೋ ನಮ್ಮ ಮನೆಯ ಹೆಸರು ಹೇಳಿದ್ದರು. ಯಾರೆಂದು ನನಗೆ ಗೊತ್ತು, ಸತ್ತವರ ಹೆಸರು ಬೇಡ. ಹಣಮಂತ ಸಂದೂಕ ಎಳೆದು ಪಡಸಾಲೆಗೆ ತಂದು ಮುಚ್ಚಳ ಎತ್ತಿದ. ಒಳಗೆ ಏನೂ ಇಲ್ಲ. ಮುಚ್ಚಳದಲ್ಲಿ ಪಟ್ಟಿ. ಉರ್ದು ಬಾರದ ಅಧಿಕಾರಿ ಬಗ್ಗಿ ಬೆರಳಿಟ್ಟು ಸಾಲು ಎಣಿಸಿದ.

“ಹನ್ನೊಂದು ಹೆಸರು. ನಾಲ್ಕಕ್ಕೆ ಗುರುತು ಹಾಕಿದೆ. ಯಾರು ಇವರು?”

“ನನಗ ಓದಾಕ ಬರಾಂಗಿಲ್ರಿ ಅಮೀನಸಾಬ್ರ,” ಎಂದಳು ಆಯಿ.

“ಅಮೀನ ಅಲ್ಲ, ಫೌಜದಾರ. ನಿಜಾಮರ ಅಮೀನರ ಕಾಲ ಹೋಯಿತು. ಈ ಪೆಟ್ಟಿಗೆಯಲ್ಲಿ ಏನಿತ್ತು?”

“ಗಾಳಿ ಇತ್ರಿ.”

ಅಷ್ಟರಲ್ಲಿ ಸುದ್ದಿ ಕೇಳಿ ಕಾಕಾ ಹೊಲದಿಂದ ಓಡಿಬಂದ. ಮೊಣಕಾಲವರೆಗೆ ಕರಿಮಣ್ಣು. ಫೌಜದಾರ ಅದೇ ಪ್ರಶ್ನೆ ಕೇಳಿದ. ಕಾಕಾ ನಿಜವನ್ನೇ ಹೇಳಿದ.

“ಕಿತಾಬಿನ ಪಟ್ಟೀರಿ ಸಾಹೇಬ್ರ. ಸಿನಿಮಾದಾಗ ನಟನಿ ಹೆಂಗ ಮಾಡಬೇಕಂತ ಬರದ ಕಿತಾಬು. ಗುರುತು ಹಾಕಿದ ನಾಕು ನನ್ನ ಹತ್ರ ಅದಾವ.”

“ಎಲ್ಲಿ?”

“ಇದರಾಗೇ ಅದಾವಲ್ರಿ,” ಎಂದು ಸಂದೂಕದೊಳಗೆ ನೋಡಿದ. ಅವನ ಮುಖದ ಬಣ್ಣ ಹೋಯಿತು. ಆ ಮುಖ ನೋಡಿದವರು ಯಾರಾದರೂ ಇವನು ಕಳ್ಳ ಎಂದೇ ಹೇಳಬೇಕು. ಆಯಿ ಮಾಳಿಗೆಯ ಜಂತಿ ನೋಡತೊಡಗಿದಳು. ಅವ್ವ ಸೆರಗು ಬಾಯಿಗೆ ಹಿಡಿದಳು. ಆ ಹೊತ್ತಿನಲ್ಲೇ ಹಣಮಂತನ ಕಣ್ಣು ಅಂಗಳಕ್ಕೆ ಹೋಯಿತು.

“ಸಾಹೇಬ್ರ, ಮಳಿಗಾಲ್ದಾಗ ಹಗೇವು ಯಾರ ಬಿಚ್ತಾರ್ರಿ? ಸಗಣಿ ನೋಡ್ರಿ, ಇನ್ನೂ ಹಸಿ ಅದ.”

ಕಲ್ಲು ಸರಿಸಿದರು. ಹುಳಿ ಹುಳಿಯಾದ ಬಿಸಿ ವಾಸನೆ ಮುಖಕ್ಕೆ ಬಡಿಯಿತು. ಕೆಳಗೆ ಕತ್ತಲಲ್ಲಿ ಗೋಣಿಚೀಲ ಅಸ್ಪಷ್ಟವಾಗಿ ಕಾಣುತ್ತಿತ್ತು. ಫೌಜದಾರ ಹಣಮಂತನಿಗೆ ಇಳಿ ಎಂದ. ನಮ್ಮಲ್ಲಿ ಹಗೇವು ಬಿಚ್ಚಿದ ಕೂಡಲೇ ಯಾರೂ ಇಳಿಯುವುದಿಲ್ಲ. ಮೊದಲು ಹಗ್ಗ ಕಟ್ಟಿ ಕಂದೀಲು ಬಿಡುತ್ತಾರೆ, ದೀಪ ಉರಿದರೆ ಮನುಷ್ಯ ಉಳಿಯುತ್ತಾನೆ. ಕಾಕಾ ಅದನ್ನು ಹೇಳಿ ಕಂದೀಲು ಬಿಟ್ಟ. ಅರ್ಧ ಇಳಿಯುವುದರೊಳಗೆ ಯಾರೋ ಊದಿದ ಹಾಗೆ ಆರಿಹೋಯಿತು.

“ಗಾಳಿಗೆ ಆರಿದೆ,” ಎಂದ ಫೌಜದಾರ.

“ಗಾಳಿ ಇಲ್ಲಂತನೇ ಆರೇದ್ರಿ.”

ಸಮುದ್ರದ ಕಡೆ ಹಗೇವು ಇಲ್ಲ. ಅವನಿಗೆ ಇದೆಲ್ಲ ಹೊತ್ತು ಕಳೆಯುವ ಆಟ ಅನ್ನಿಸಿತು, ಅಷ್ಟರಲ್ಲಿ ಇವರ ಕಡೆಯವರು ಬಿಡಿಸಲು ಬರುತ್ತಾರೆ ಎಂದುಕೊಂಡ. ಕಾಕಾ ತಾನೇ ಇಳಿಯುತ್ತೇನೆ ಎಂದರೆ ಒಪ್ಪಲಿಲ್ಲ, ಒಳಗಿರುವುದನ್ನು ಹಾಳು ಮಾಡಿಯಾನು ಎಂದು. ಹಣಮಂತ ಹಿಂದೆ ಮುಂದೆ ನೋಡಿದ.

“ಇಳಿಯುವುದಿಲ್ಲವಾದರೆ ಬೆಲ್ಟು ಬಿಚ್ಚಿಡು, ಮನೆಗೆ ನಡೆ.”

ಹಣಮಂತ ಬೂಟು ಕಳಚತೊಡಗಿದ. ಆಯಿ ಅವನ ಪಕ್ಕ ಹೋಗಿ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಕೇಳಿದಳು.

“ಯಾವೂರಪ್ಪ ನಿಂದು?”

“ಕೆಂಭಾವಿ, ಆಯಿ.”

“ಹೇಣ್ತಿ ಹೆಸರೇನು?”

“ಈರಮ್ಮ.”

“ಮಕ್ಕಳು?”

“ಇಬ್ರು ಹೆಣ್ಣು. ಒಂದು ಇನ್ನೂ ಮೊಲಿ ಬಿಟ್ಟಿಲ್ಲ.”

“ಊಟದಾಗ ಏನ್ ಸೇರತದ?”

“ಪುಂಡಿಪಲ್ಯಾ,” ಎಂದ ಹಣಮಂತ. ಯಾಕೆ ಕೇಳುತ್ತಿದ್ದಾಳೆ ಎಂದು ಪಾಪ ಅವನಿಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು, ಮೈಯೆಲ್ಲ ಮುಳ್ಳೆದ್ದಿತು. ಅವನು ಹಗೇವಿನ ಬಾಯಲ್ಲಿ ಕಾಲು ಇಳಿಬಿಟ್ಟು ಕೂತ. ಆಯಿ ತುರುಬು ಬಿಚ್ಚಿದಳು, ಎದೆಗೆ ಒಂದು ಸಲ ಬಡಿದುಕೊಂಡಳು, ದನಿ ಎತ್ತಿದಳು.

“ಬೂಟು ಇಲ್ಲೇ ಬಿಟ್ಟು ಎಲ್ಲಿಗ್ ಹೋದ್ಯೋ ನನ್ನಪ್ಪಾ ಹಣಮಂತಾ
ಕೆಂಭಾವಿ ದಾರ್ಯಾಗ ಈರಮ್ಮ ನಿಂತಾಳೋ
ಪುಂಡಿಪಲ್ಯಾ ಮಾಡಿ ಗಂಗಾಳ ಇಟ್ಟಾಳೋ
ಮೊಲಿ ಬಿಡದ ಕೂಸಿಗೆ ಅಪ್ಪನ ಮಾರಿ ಯಾರ್ ತೋರಸಲೋ
ಜ್ವಾಳದ ಮ್ಯಾಲ ಮಲಗಿದ್ಯೋ, ಎಬ್ಬಿಸಿದ್ರ ಏಳವಲ್ಲೆಲ್ಲೋ...”

ಆ ದನಿ ಗೋಡೆ ದಾಟಿ ಓಣಿಗೆ ಹೋಯಿತು. ಆಯಿಯ ದನಿ ಕೇಳಿದರೆ ಓಣಿಯ ಹೆಂಗಸರಿಗೆ ಒಂದೇ ಅರ್ಥ. ರೊಟ್ಟಿಹಿಟ್ಟಿನ ಕೈಯಲ್ಲೇ ಓಡಿಬಂದರು. ಯಾರು ಸತ್ತರು ಎಂದು ಯಾರೂ ಕೇಳಲಿಲ್ಲ. ಸುತ್ತ ಕೂತರು, ಸೆರಗು ಮುಖಕ್ಕೆ ಹಾಕಿಕೊಂಡು ಶುರುಮಾಡಿದರು. ಎಂಟು ಹತ್ತು ಹೆಂಗಸರು ಬದುಕಿರುವ ಪೊಲೀಸನ ಸುತ್ತ ಕೂತು ಅವನ ಹೆಂಡತಿ ಹೆಸರು ಹೇಳಿ ಅಳುತ್ತಿದ್ದರು. ನಾನು ಆಯಿಯ ಮುಖ ನೋಡಿದೆ. ಕಣ್ಣು ಒಣಗಿದ ಬಾವಿಯ ಹಾಗಿತ್ತು, ಒಂದು ಹನಿ ಇರಲಿಲ್ಲ. ಹಣಮಂತನ ಕಣ್ಣಿಂದ ಮಾತ್ರ ಧಾರೆ ಇಳಿಯುತ್ತಿತ್ತು. ಅವನು ಎರಡೂ ಕಾಲು ಮೇಲಕ್ಕೆಳೆದುಕೊಂಡು ಹಿಂದಕ್ಕೆ ಸರಿದ.

“ನೌಕರಿ ಬ್ಯಾಡ್ರಿ ಸಾಹೇಬ್ರ. ನನ್ನ ಹೆಣ ನನಗ ಕಾಣಾಕತ್ತದ.”

ಫೌಜದಾರ ಬೈಯಲು ಬಾಯಿ ತೆರೆದ. ಆದರೆ ಹಣಮಂತನನ್ನೇ ನೋಡುತ್ತ ನಿಂತ, ಅವನನ್ನು ನಿಜವಾಗಿಯೂ ಕಳೆದುಕೊಂಡವನ ಹಾಗೆ. ಆಮೇಲೆ ಟೋಪಿ ತೆಗೆದು ಬೆವರು ಒರೆಸಿಕೊಂಡು, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಾಯಿ ತೆರೆದಿಡಿ, ನಾನು ಇಲ್ಲೇ ಕೂರುತ್ತೇನೆ ಎಂದ. ಆಯಿ ಅಲ್ಲಿಗೇ ಹಾಡು ನಿಲ್ಲಿಸಿ, ತುರುಬು ಕಟ್ಟಿಕೊಂಡು, ಫೌಜದಾರನಿಗೆ ನೀರು ಕೊಡು ಎಂದು ನನಗೆ ಹೇಳಿದಳು. ಹೆಂಗಸರಿಗೆ ವಿಷಯ ತಿಳಿದು ಅರ್ಧ ಜನ ನಕ್ಕರು, ಅರ್ಧ ಜನ ಹಿಟ್ಟು ಒಣಗಿತು ಎಂದು ಬೈದುಕೊಂಡು ಹೋದರು.

ಕಾಕಾ ಕಂಬಳಿಗೆ ಹಗ್ಗ ಕಟ್ಟಿ ಹಗೇವಿನೊಳಗೆ ಇಳಿಸಿ ಎತ್ತಿ, ಇಳಿಸಿ ಎತ್ತಿ, ಕೆಟ್ಟ ಗಾಳಿ ಹೊರಗೆ ಹಾಕಿದ. ಬಿಸಿಲು ಗೋಡೆ ಇಳಿಯುವ ಹೊತ್ತಿಗೆ ಕಂದೀಲು ತಳದಲ್ಲಿಯೂ ಉರಿಯಿತು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅವನೇ ಇಳಿದು ಚೀಲ ತಂದ. ಫೌಜದಾರ ತನ್ನ ಕೈಯಿಂದಲೇ ಬಿಚ್ಚಿದ. ನಾಲ್ಕು ಕಿತಾಬು, ಅಂಟಿದ ಜೋಳ. ಬಂದೂಕು ಇರಲಿಲ್ಲ. ಇಷ್ಟಕ್ಕೆ ಮುಗಿಯಿತು ಎಂದು ಅವ್ವ ಉಸಿರು ಬಿಟ್ಟಳು. ಮುಗಿದಿರಲಿಲ್ಲ.

“ಬರಿಯ ಪುಸ್ತಕವಾದರೆ ನೆಲದಲ್ಲಿ ಯಾಕೆ ಹೂಳಿದಿರಿ? ಇದರಲ್ಲಿ ಏನು ಬರೆದಿದೆಯೋ ನನಗೆ ತಿಳಿಯುವುದಿಲ್ಲ. ಇಲ್ಲಿ ಓದುವವರ ಮೇಲೆ ನನಗೆ ಭರವಸೆಯೂ ಇಲ್ಲ. ಗುಲ್ಬರ್ಗಾಕ್ಕೆ ಹೋಗಲಿ, ಅಲ್ಲಿ ಓದಿಸುತ್ತೇನೆ. ಇವನೂ ಜೊತೆಗೆ ಬರಲಿ.”

“ಎಷ್ಟ್ ದಿನಾರೀ?” ಎಂದಳು ಅವ್ವ. ಅವಳು ಪರಗಂಡಸಿನ ಮುಂದೆ ಮಾತಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಅದನ್ನು ನಾನು ಹೇಳಲಾರೆ.”

ಹದ ಬಂದ ಹೊಲ ಎಂಟು ದಿನ ಕಾಯುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಅದು ಹೋದರೆ ವರ್ಷ ಹೋಯಿತು. ಏಳು ತಿಂಗಳಾದರೂ ಬರದ ಇಬ್ಬರ ಹೆಂಡಿರನ್ನು ನಾನು ದಿನಾ ಬಾವಿಯಲ್ಲಿ ನೋಡುತ್ತಿದ್ದೆ. ಕಾಕಾ ಅಂಗಿ ಹಾಕಿಕೊಳ್ಳುತ್ತಿದ್ದ. ಧೈರ್ಯ ಎಲ್ಲಿಂದ ಬಂತು ಎಂದು ಕೇಳಿದರೆ ಧೈರ್ಯ ಅಲ್ಲ, ನನ್ನ ಬಾಯಿ ತಾನೇ ತೆರೆದುಕೊಂಡಿತು.

“ಸಾಹೇಬ್ರ, ಅದರಾಗ ಏನೈತಿ ನಾ ಹೇಳ್ತೀನ್ರಿ.”

“ನಿನಗೆ ಉರ್ದು ಬರುತ್ತದೆಯೇ?”

“ಇಲ್ರಿ. ಯಾವ್ದೂ ಬರಾಂಗಿಲ್ರಿ.”

ಅವನು ನಗಲಿಲ್ಲ. ಕುರ್ಚಿ ಇಲ್ಲದ್ದಕ್ಕೆ ಮೆಟ್ಟಿಲ ಮೇಲೆ ಕೂತ. ಹಣಮಂತನಿಗೆ ಹೇಳಿ ಕಾಕಾನನ್ನು ಬೀದಿಯ ಕೊನೆಗೆ, ಮಾತು ಕೇಳಿಸದಷ್ಟು ದೂರ, ಕಳಿಸಿದ. ಒಂದು ಕಿತಾಬು ಎತ್ತಿ ನನ್ನ ಮುಂದೆ ಹಿಡಿದ. ರಟ್ಟಿನ ಬಣ್ಣ ನೋಡಿ ಗುರುತಿಸಿದೆ. ಮಾತಿಲ್ಲದ ಕಾಲದ್ದು ಎಂದು ಹೇಳಿ, ಕಣ್ಣು ತಿರುಗಿಸಿ, ಕೈ ಮುಗಿಲಿಗೆ ಎತ್ತಿ ತೋರಿಸಿದೆ. ಆಮೇಲೆ ಕೈ ಇಳಿಸಿ, ಕ್ಯಾಮೆರಾ ಹತ್ತಿರ ಬಂದ ಮೇಲೆ ಹೀಗೆ ಎಂದು ರೆಪ್ಪೆ ಮಾತ್ರ ಅಲ್ಲಾಡಿಸಿದೆ. ಎರಡನೆಯದು, ಮಾತು ಬಂದು ಕಾಗೆ ದನಿಯವರು ಮನೆಗೆ ಹೋದದ್ದು. ಮೂರನೆಯದು, ಅಳಬೇಕೋ ಅಳಿಸಬೇಕೋ ಎಂಬ ಜಗಳ. ನಮ್ಮ ಆಯಿ ಒಂದು ಕಡೆಯವಳು ಎಂದೆ. ಅವನು ಆಯಿಯನ್ನು ಒಮ್ಮೆ ನೋಡಿದ. ನಾಲ್ಕನೆಯದನ್ನು ಅವನೇ ನಡುವೆ ತೆರೆದ, ಪುಟ ಮಗುಚುತ್ತ ಹೋಗಿ ಒಂದು ಕಡೆ ನಿಂತ. ಮೂರು ಮುಖದ ಪುಟ.

“ಇದು ಏನು?”

“ನೀವ ಹೇಳ್ರಿ. ಅಂವ ಏನ್ ಮಾಡಾಕತ್ತಾನ?”

“ಇಲ್ಲಿ ಹಸಿದಿದ್ದಾನೆ. ಇಲ್ಲಿ ಯಾರೋ ತೀರಿಕೊಂಡಿದ್ದಾರೆ. ಇಲ್ಲಿ ಮಗುವನ್ನು ನೋಡಿ ಸಂತೋಷಪಡುತ್ತಿದ್ದಾನೆ.”

“ಏನೂ ಮಾಡಾಕತ್ತಿಲ್ರಿ. ಮೂರೂ ಒಂದೇ ಮಾರಿ. ಬಾಜೂ ಇಟ್ಟದ್ದು ಮುಚ್ಚಿ ನೋಡ್ರಿ. ಅಂವ ಸುಮ್ಮನ ಅದಾನ, ನೋಡೋರು ತಾವೇ ತುಂಬಕೋತಾರ.”

ಅವನು ಅಂಗೈಯಿಂದ ಒಂದೊಂದಾಗಿ ಮುಚ್ಚಿ ನೋಡಿದ. ಇನ್ನೊಮ್ಮೆ ನೋಡಿದ. ಕಾಕಾನನ್ನು ಕರೆಸಿ ಅದೇ ಪುಟ ಕೊಟ್ಟು ಓದು ಎಂದ. ಕಾಕಾನಿಗೆ ನಾನು ಏನು ಹೇಳಿದ್ದೇನೆ ಎಂದು ಗೊತ್ತಿರಲಿಲ್ಲ. ಉರ್ದು ಸಾಲು ಓದಿದ, ಕನ್ನಡದಲ್ಲಿ ಹೇಳಿದ: ನಟನ ಮುಖ ಒಂದೇ, ಪಕ್ಕದ ಚಿತ್ರ ಬದಲಾದರೆ ನೋಡುವವನ ಮನಸ್ಸು ಆ ಮುಖಕ್ಕೆ ಭಾವ ತುಂಬುತ್ತದೆ. ಮಿಕ್ಕ ಮೂರನ್ನೂ ಅಲ್ಲಲ್ಲಿ ತೆರೆದು ಓದಿಸಿದ. ನಾನು ಹೇಳಿದ್ದೇ ಬಂತು. ಫೌಜದಾರ ಕಿತಾಬು ಮುಚ್ಚಿದ. ಖಾಲಿ ಸಂದೂಕ ನೋಡಿದ, ಪಟ್ಟಿ ನೋಡಿದ, ಅಂಗಳದ ಹಸಿ ಸಗಣಿ ನೋಡಿದ.

“ನಾನೂ ಬೆಳಗಿನಿಂದ ತುಂಬಿಕೊಳ್ಳುತ್ತಲೇ ಇದ್ದೆ,” ಎಂದ.

ಪಟ್ಟಿಯನ್ನು ಮಾತ್ರ ದಫ್ತರಕ್ಕೆ ಬೇಕೆಂದು ಕಿತ್ತುಕೊಂಡ. ಕಿತಾಬು ಬಿಟ್ಟ, ಕಾಕಾನನ್ನು ಬಿಟ್ಟ. ಇನ್ನು ಮೇಲೆ ಏನನ್ನೂ ಹೂಳಬೇಡಿ, ಜಗಲಿಯ ಮೇಲಿಡಿ ಎಂದು ಹೇಳಿ ಹೊರಟ. ಹಣಮಂತ ಹೊರಡಲಿಲ್ಲ. ಆಯಿಯ ಮುಂದೆ ಕೈಕಟ್ಟಿ ನಿಂತ.

“ಆಯಿ, ಆ ಹಾಡು ವಾಪಸ್ ತಗೋ.”

“ಹಾಡು ಕೊಟ್ಟ ಕಡ ಏನೋ, ವಾಪಸ್ ತಗೊಳ್ಳಾಕ?”

“ನನಗ ಗೊತ್ತಿಲ್ಲ. ಜೀವಂತ ಇದ್ದಾಗ ಹಾಡೀದಿ. ಹಿಂಗ ಮನಿಗಿ ಹೋದ್ರ ಈರಮ್ಮ ಒಳಗ ಕರಕೊಳ್ಳಾಂಗಿಲ್ಲ.”

ಆಯಿ ಅವನನ್ನು ಅಂಗಳದಲ್ಲಿ ಕೂರಿಸಿ ಎರಡು ಕೊಡ ನೀರು ತಲೆಯ ಮೇಲೆ ಸುರಿದಳು. ಖಾಕಿ ಅಂಗಿಯ ಸಮೇತ. ಅವ್ವ ಬಿಸಿ ರೊಟ್ಟಿ ಕೊಟ್ಟಳು. ಪುಂಡಿಪಲ್ಯ ಇರಲಿಲ್ಲ, ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿಯೊಂದಿಗೆ ತಿಂದ. ಐದು ರೊಟ್ಟಿ ತಿಂದ. ಸತ್ತವನು ಇಷ್ಟು ತಿನ್ನುವುದಿಲ್ಲ, ನಡೆ ಇನ್ನು ಎಂದು ಆಯಿ ಎಬ್ಬಿಸಿ ಕಳಿಸಿದಳು. ಬಾಗಿಲು ಹಾಕಿದ ಮೇಲೆ ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲು ಅವ್ವ ನಕ್ಕಳು. ಅವಳು ನಕ್ಕರೆ ಹಲ್ಲು ಹೇಗೆ ಕಾಣುತ್ತವೆ ಎಂದು ನನಗೆ ಆವತ್ತು ಗೊತ್ತಾಯಿತು. ಕಾಕಾ ಆಮೇಲೆ ಎಂದೂ ಸಿನಿಮಾಕ್ಕೆ ಹೋಗಲಿಲ್ಲ, ಮಿಕ್ಕ ಏಳು ಕಿತಾಬೂ ಅವನಿಗೆ ಸಿಗಲಿಲ್ಲ. ಅದು ಬೇರೆ ಮಾತು. ಆ ದಿನ ಅವನು ಮನೆಯಲ್ಲಿ ಉಂಡ, ಮನೆಯಲ್ಲಿ ಮಲಗಿದ.

ಮರುದಿನ ಮುಂಜಾನೆ ಕೋಳಿ ಕೂಗುವ ಮೊದಲೇ ಎದ್ದೆ. ಕಾಕಾ ಎತ್ತು ಹೂಡಿ ಬಿತ್ತುವ ಕೂರಿಗೆ ಕಟ್ಟಿದ್ದ. ನಾನು ಉಡಿಯಲ್ಲಿ ಬೀಜದ ಜೋಳ ತುಂಬಿಕೊಂಡು ಅವನ ಹಿಂದೆ ಹೊಲಕ್ಕೆ ನಡೆದೆ. ಅವನು ಎತ್ತು ಹೊಡೆಯಬೇಕು, ನಾನು ಹಿಂದಿನಿಂದ ಬೀಜ ಬಿಡುತ್ತ ಬರಬೇಕು. ನೆಲ ನೋಡಬೇಕಾದವಳು ಅವನ ಬೆನ್ನನ್ನೇ ನೋಡುತ್ತ ನಡೆದೆ. ಬೆನ್ನು ಅಲ್ಲೇ ಇತ್ತು, ಸಾಲಿನ ಈ ತುದಿಯಿಂದ ಆ ತುದಿಯವರೆಗೂ ಇತ್ತು. ತಿರುವಿನಲ್ಲಿ ಅವನು ಹಿಂದಿರುಗಿ ನೋಡಿದರೆ ಇಡೀ ಸಾಲು ಖಾಲಿ. ಒಂದು ಕಾಳೂ ಬಿಟ್ಟಿರಲಿಲ್ಲ.

“ಏ ಖೋಡಿ! ಕಣ್ಣ ಎಲ್ಲಿಟ್ಟೀ? ಎತ್ತಿನ ಕಾಲ ಸವದು ಹೋಗ್ತಾವ, ನಿಂದೇನ್ ಹೋಗ್ತದ?”

ಅವನು ಉಸಿರು ಕಟ್ಟುವವರೆಗೆ ಬೈದ. ನಾನು ಒಂದು ಮಾತೂ ತಪ್ಪಿಸಿಕೊಳ್ಳದೆ ಕೇಳಿದೆ. ಆಮೇಲೆ ಆ ಸಾಲಿನ ತಲೆಗೆ ಹೋಗಿ, ಉಡಿ ಬಿಗಿದು, ಮುಷ್ಟಿ ತುಂಬ ಜೋಳ ತೆಗೆದುಕೊಂಡು ನಿಂತೆ.